ಯಡಿಯೂರಪ್ಪ ಮತ್ತು ಉತ್ತರಾಧಿಕಾರಿಗಳು: ಸ್ಪಷ್ಟನೆ

‘ಗಣಿ ವರದಿಯಿಂದಾಗಿ ಮುಖ್ಯಮಂತ್ರಿ ಸ್ಥಾನ ಕಳೆದುಕೊಂಡ ಬಿ.ಎಸ್. ಯಡಿಯೂರಪ್ಪ, ಮತದಾನಕ್ಕೆ ಅವಕಾಶವನ್ನೇ ಕೊಡದೆ ಬಸವರಾಜ ಬೊಮ್ಮಾಯಿ ಅವರನ್ನು ಕೂರಿಸಿದರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಹತ್ತು ವರ್ಷಗಳ ಅಂತರದ ಎರಡು ಘಟನೆಗಳನ್ನು ಇದು ಒಂದಾಗಿಸಿದೆ.

ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಸಲ್ಲಿಸಿದ್ದು 2011ರ ಜುಲೈ 27ರಂದು. ಅದರ ಬೆನ್ನಲ್ಲೇ ರಾಜೀನಾಮೆ ನೀಡಿದ ಯಡಿಯೂರಪ್ಪ ಅಂದು ಬೆಂಬಲಿಸಿದ್ದು, ಆಗ ಸಂಸದರಾಗಿದ್ದ ಡಿ.ವಿ. ಸದಾನಂದ ಗೌಡರನ್ನು. ಆ ಆಯ್ಕೆ ಸಲೀಸಾಗಿಯೇನೂ ಆಗಲಿಲ್ಲ: ಪಕ್ಷದ ಶಾಸಕರು ಗುಪ್ತ ಮತದಾನ ನಡೆಸಿ, ಜಗದೀಶ ಶೆಟ್ಟರ್ ಅವರೆದುರು ಗೌಡರನ್ನು ಆರಿಸಿದರು. ಮುಂದಿನ ವರ್ಷವೇ ಯಡಿಯೂರಪ್ಪ ಬಣ ಅದೇ ಶೆಟ್ಟರ್ ಪರ ನಿಂತದ್ದು ರಾಜಕೀಯದ ವಿಚಿತ್ರ. ಗಣಿ ಕಂಪನಿಯೊಂದರ ದೇಣಿಗೆಗೆ ಸಂಬಂಧಿಸಿದ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಯಡಿಯೂರಪ್ಪ ಅವರನ್ನು ಖುಲಾಸೆಗೊಳಿಸಿತು.

ಬೊಮ್ಮಾಯಿ ಅವರ ಆಯ್ಕೆ 2021ರದ್ದು. ಸರ್ಕಾರಕ್ಕೆ ಎರಡು ವರ್ಷ ತುಂಬಿದ ಜುಲೈ 26ರಂದು ಯಡಿಯೂರಪ್ಪ ರಾಜೀನಾಮೆ ಘೋಷಿಸಿದರು. ಮರುದಿನ ಬೆಂಗಳೂರಿನಲ್ಲಿ, ಕೇಂದ್ರದ ವೀಕ್ಷಕರ ಸಮ್ಮುಖದಲ್ಲಿ ಸೇರಿದ ಶಾಸಕಾಂಗ ಪಕ್ಷದ ಸಭೆಯಲ್ಲಿ ಅವರೇ ಬೊಮ್ಮಾಯಿ ಹೆಸರನ್ನು ಸೂಚಿಸಿದರು. ಗಣಿ ವರದಿಗೂ ಈ ನಿರ್ಗಮನಕ್ಕೂ ಸಂಬಂಧವಿಲ್ಲ. ಎರಡರಲ್ಲೂ ಜುಲೈ 27 ಬರುವುದರಿಂದ ಗೊಂದಲ ಹುಟ್ಟಿರಬಹುದು.

ಈ ದಿನಾಂಕಗಳೆಲ್ಲ ಆಯಾ ದಿನಗಳ ಪತ್ರಿಕೆಗಳಲ್ಲಿವೆ. ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ; ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.