ದಾಂಡೇಲಿಗೆ ಹೋಗಿ ‘ಏನೂ ಕಾಣ್ಲಿಲ್ರಿ’ ಅನ್ನೋರಿಗೆ

ಶನಿವಾರ ಮಧ್ಯಾಹ್ನ ಹುಬ್ಬಳ್ಳಿ ಬಿಡೋದು, ರಾತ್ರಿ ರೆಸಾರ್ಟಿನಲ್ಲಿ ಹಾಡು-ಊಟ, ಭಾನುವಾರ ಒಂಬತ್ತಕ್ಕೆದ್ದು ರ‍್ಯಾಫ್ಟಿಂಗ್, ಸಂಜೆ ಜೀಪಿನಲ್ಲೊಂದು ಸುತ್ತು. ಹುಲಿ ಕಾಣೋದಿಲ್ಲ. ಸೋಮವಾರ ಆಫೀಸಿಗೆ ಬಂದು ‘ಏನೂ ಕಾಣ್ಲಿಲ್ರಿ, ಬರೇ ಗಿಡ’ ಅನ್ನೋದು. ಹುಲಿ ಹುಡುಕುವ ಭರದಲ್ಲಿ ತಲೆ ಎತ್ತದೆ ಬಂದವರ ಮಾತಿದು. ಕಾಳಿ ಹೊಳೆಯ ಕಣಿವೆಯ ಅರ್ಧ ಬದುಕು ಮರದ ನೆತ್ತಿಯ ಮೇಲೆ ನಡೆಯುತ್ತದೆ.

ಕಾಡು ನೋಡೋದು ದಾರಿಯಲ್ಲೇ ಶುರುವಾಗಬೇಕು. ಧಾರವಾಡ ದಾಂಡೇಲಿಗಿಂತ ಸುಮಾರು 250 ಮೀಟರ್ ಎತ್ತರದಲ್ಲಿದೆ, ಅಂದರೆ ನಾವು ಕಾಡಿಗೆ ಇಳಿದು ಹೋಗುತ್ತೇವೆ. ಧಾರವಾಡದಲ್ಲಿ ವರ್ಷಕ್ಕೆ 750–800 ಮಿ.ಮೀ. ಮಳೆ. ಅಲ್ಲಿಂದ ನೂರು ಕಿ.ಮೀ. ಒಳಗೇ ಇರುವ ಕ್ಯಾಸಲ್‌ರಾಕ್‌ನಲ್ಲಿ 5000 ಮಿ.ಮೀ. ಆಸುಪಾಸು. ಹಳಿಯಾಳ ದಾಟಿದ ಮೇಲೆ ತೇಗ, ಮತ್ತಿ, ಬಿದಿರು. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕ ಒಡೆದಿರುತ್ತದೆ, ಒಮ್ಮೆ ನೋಡಿದರೆ ಮರೆಯೋದಿಲ್ಲ. ಇವೆಲ್ಲ ಎಲೆ ಉದುರಿಸುವ ಮರಗಳು. ಕುಳಗಿ, ಗಣೇಶಗುಡಿ ಕಡೆ ಹೋದಂತೆ ಹಸಿರು ದಟ್ಟವಾಗುತ್ತದೆ. ಅಣಶಿ ತಲುಪುವಾಗ ಬೇಸಿಗೆಯಲ್ಲೂ ಬೋಳಾಗದ ಕಾಡು. ಒಂದೇ ಬೆಳಗಿನಲ್ಲಿ ಇಷ್ಟು ಬದಲಾವಣೆ ನೋಡಲು ಸಿಗುವ ಊರುಗಳು ಕಡಿಮೆ, ನಮಗೆ ಸಿಕ್ಕಿದೆ. ಆದರೆ ಹಾಡು ಹಾಕಿಕೊಂಡು ಎಂಬತ್ತರ ವೇಗದಲ್ಲಿ ಹೋದರೆ ಇದೊಂದೂ ಕಾಣೋದಿಲ್ಲ.

ಹಕ್ಕಿ ನೋಡಬೇಕೆಂದರೆ ಫೆಬ್ರುವರಿಯಿಂದ ಏಪ್ರಿಲ್. ತೇಗದ ಎಲೆ ಉದುರಿ ಕೊಂಬೆ ತೆರವಾಗಿರುತ್ತದೆ, ನೆಲದ ತರಗೆಲೆ ಪ್ರಾಣಿಯ ಹೆಜ್ಜೆಯನ್ನು ಮೊದಲೇ ಹೇಳಿಬಿಡುತ್ತದೆ. ಬೆಳಕು ಹರಿಯುವ ಹೊತ್ತಿಗೆ ಜಾಗದಲ್ಲಿರಬೇಕು. ಒಂಬತ್ತೂವರೆಯ ನಂತರ ಕಾಡಿನ ಸದ್ದಡಗುತ್ತದೆ. ಗೈಡ್ ಜೊತೆ ಎರಡು ತಾಸಿಗೆ ಒಂದು ಕಿ.ಮೀ. ನಡೆದರೆ ಸಾಕು. ದುರ್ಬೀನು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನದು) ಇರಲಿ. 10 ಪಟ್ಟಿನದು ‘ಹೆಚ್ಚು ಹತ್ತಿರ ಕಾಣ್ತದ’ ಅಂತ ಕೊಳ್ಳುತ್ತಾರೆ. ಕೈ ನಡುಗಿದ್ದೂ ಹತ್ತು ಪಟ್ಟು ಕಾಣುತ್ತದೆ, ನೋಟದ ಹರವು ಕಿರಿದಾಗುತ್ತದೆ, ಕೊಂಬೆಯಿಂದ ಕೊಂಬೆಗೆ ಜಿಗಿಯುವ ಕೆಂಜಳಿಲನ್ನು (ಕಾಡಿನ ದೊಡ್ಡ ಅಳಿಲು) ನೋಟಕ್ಕೆ ಹಿಡಿಯೋದರೊಳಗೆ ಅದು ಹೋಗಿರುತ್ತದೆ.

ಮಂಗಟ್ಟೆಗಳ (ಹಾರ್ನ್‌ಬಿಲ್ ಹಕ್ಕಿಗಳ) ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ಹಾನಿ ಆಗುತ್ತಿರೋದು ಅಲ್ಲೇ. ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ದೊಡ್ಡ ಮಂಗಟ್ಟೆ ಕಾಣುವ ಮೊದಲು ಕೇಳಿಸುತ್ತದೆ. ರೆಕ್ಕೆಯ ಸದ್ದು ಹಳೆ ಉಗಿಬಂಡಿಯ ಉಸಿರಿನಂತೆ. ಹುಡುಕುವುದಾದರೆ ಹಕ್ಕಿಯನ್ನಲ್ಲ, ಹಣ್ಣು ಬಿಟ್ಟ ಮರವನ್ನು ಹುಡುಕಿ: ಆಲ, ಅತ್ತಿ, ಬಸರಿ. ಮರ ಸಿಕ್ಕಿದರೆ ಅಲ್ಲೇ ನಿಂತು ಕಾಯಿರಿ. ಕಪ್ಪು-ಬಿಳಿ ಮಂಗಟ್ಟೆ ಕಾಸರಕದ ಹಣ್ಣನ್ನೂ ತಿನ್ನುತ್ತದೆ. ವಿಷವಿರುವ ಬೀಜವನ್ನು ಒಡೆಯದೆ ಹಾಗೇ ಹೊರಹಾಕುತ್ತದೆ.

ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮರದ ಪೊಟರೆ ಹೊಕ್ಕು ಪೊಟರೆಯ ಬಾಯಿಗೆ ಹಿಕ್ಕೆ, ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ಉಳಿಯೋದು ಕೊಕ್ಕಿನ ತುದಿ ತೂರುವಷ್ಟು ಉದ್ದನೆಯ ಸೀಳು. ಒಳಗೆ ಕೂತು ಹಾರುವ ಗರಿಗಳನ್ನೂ ಉದುರಿಸಿಕೊಂಡಿರುತ್ತದೆ. ಎರಡು ತಿಂಗಳಿಗೂ ಹೆಚ್ಚು ಕಾಲ ಗಂಡು ತಂದದ್ದೇ ಊಟ. ಗಂಡು ಬಂದು ತೊಗಟೆಗೆ ಅಂಟಿ ಕೂತು, ಗಂಟಲಿನಿಂದ ಹಣ್ಣನ್ನು ಒಂದೊಂದಾಗಿ ಮೇಲೆ ತಂದು ಕೊಕ್ಕಿನ ತುದಿಗೆ ಹಿಡಿದು ಸೀಳಿಗೆ ಕೊಡುತ್ತದೆ. ಈಗ ಯೋಚನೆ ಮಾಡಿ: ಆ ಮರದ ಬುಡದಲ್ಲಿ ಹದಿನೈದು ಜನ ಕ್ಯಾಮೆರಾ ಸ್ಟ್ಯಾಂಡ್ ಹೂಡಿ ನಿಂತರೆ? ಗಂಡು ಗಂಟಲು ತುಂಬ ಹಣ್ಣಿಟ್ಟುಕೊಂಡು ದೂರದ ಮರದಲ್ಲಿ ಕೂತುಬಿಡುತ್ತದೆ. ಒಳಗಿನವರಿಗೆ ಉಪವಾಸ. ಗೂಡು ಕಂಡರೆ ಕನಿಷ್ಠ ಐವತ್ತು ಮೀಟರ್ ದೂರ, ಪೊದೆಯ ಮರೆಯಲ್ಲಿ, ಹದಿನೈದು ನಿಮಿಷ, ಅಷ್ಟೇ. ಗೂಡಿನ ಜಾಗವನ್ನು ವಾಟ್ಸಾಪ್ ಗುಂಪಿಗೆ ಕಳಿಸಲೇಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯೋದೂ ಬೇಡ. ಬೇರೆ ಗಂಡು ತನ್ನ ಜಾಗಕ್ಕೆ ನುಗ್ಗಿದೆಯೆಂದು ತಿಳಿದು ಅದು ಇದ್ದಬದ್ದ ಕೆಲಸ ಬಿಟ್ಟು ಬರುತ್ತದೆ. 2011ರಲ್ಲಿ ಇಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ, ನಮ್ಮ ನಡವಳಿಕೆ ಮಾತ್ರ ಇನ್ನೂ ಹಿಂದೆಯೇ ಇದೆ.

ಕಪ್ಪೆ ನೋಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್. ಕ್ಯಾಸಲ್‌ರಾಕ್‌ನಲ್ಲೇ ಸಿಕ್ಕ ಒಂದು ಇರುಳುಗಪ್ಪೆಗೆ 2005ರಲ್ಲಿ ಹೊಸ ಜಾತಿಯೆಂದು ಹೆಸರಿಟ್ಟರು. ಹರಿಯುವ ಹಳ್ಳದ ಮೇಲೆ ಬಾಗಿದ ಎಲೆಗೆ ಮೊಟ್ಟೆ ಅಂಟಿಸುತ್ತದೆ, ಗೊದಮೊಟ್ಟೆಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳುತ್ತವೆ. ಹಾಗಾಗಿ ಹಳ್ಳದ ಮೇಲಿನ ಕೊಂಬೆಯನ್ನು ಫೋಟೋಕ್ಕೆಂದು ಪಕ್ಕಕ್ಕೆ ಬಗ್ಗಿಸಬೇಡಿ. ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಬೇಡಿ, ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಅದೇ ಮುಲಾಮು ದುರ್ಬೀನಿನ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ರಾತ್ರಿ ಅನುಮತಿಯಿಲ್ಲದೆ ಕಾಡಿಗೆ ಹೋಗೋದಂತೂ ಬೇಡವೇ ಬೇಡ.

ಉಂಬಳಕ್ಕೆ (ರಕ್ತ ಹೀರುವ ಜಿಗಣೆಗೆ) ಹೆದರಿ ಮಳೆಗಾಲ ಬಿಡುವವರು ಬಹಳ. ಒತ್ತಾಗಿ ನೇಯ್ದ ಹತ್ತಿಯ, ಮೊಣಕಾಲು ಮುಟ್ಟುವ ಕಾಲುಚೀಲಕ್ಕೆ ಪ್ಯಾಂಟು ತುರುಕಿದರೆ ಮುಕ್ಕಾಲು ಕಾಟ ಮುಗಿಯಿತು. ಕಚ್ಚಿಕೊಂಡ ಉಂಬಳವನ್ನು ಬೀಡಿಯಿಂದ ಸುಡಬೇಡಿ, ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕುತ್ತದೆ. ಸಣ್ಣ ತುದಿಯ ಕಡೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ರಸದಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಗಾಬರಿಯಾಗಬೇಕಾದ್ದು ನೀರಿಗೆ. ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕಾಳಿ ಮೋಡವಿಲ್ಲದ ದಿನವೂ ಏರುತ್ತದೆ. ನಡುಹೊಳೆಯ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕೂತವರಿಗೆ ದಡ ದೂರವಾಗುತ್ತದೆ. ದಾಂಡೇಲಿಯ ಹೊಳೆಯಲ್ಲಿ ಮೊಸಳೆಗಳೂ ಇವೆ, ಕಾಲು ಇಳಿಬಿಡುವ ಮುನ್ನ ಊರವರನ್ನು ಕೇಳಿ.

ಇನ್ನೊಂದು, ಯಾರೂ ಹೇಳದ ಮಾತು. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗು (ರಕ್ತ ಹೀರುವ ಉಣ್ಣೆ) ಹೆಚ್ಚು, ಗಾತ್ರದಲ್ಲಿ ಎಳ್ಳಿಗಿಂತ ಸಣ್ಣದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇದರಿಂದಲೇ ಹರಡೋದು, ಉತ್ತರ ಕನ್ನಡದಲ್ಲೂ ಇದೆ. ತರಗೆಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ. ವಾಪಸಾದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಹತ್ತು ದಿನದೊಳಗೆ ಜ್ವರ, ತಲೆಸಿಡಿತ ಬಂದರೆ ಹುಬ್ಬಳ್ಳಿಯ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆ’ ಅಂತ ಮೊದಲ ಮಾತಿನಲ್ಲೇ ಹೇಳಿ, ಅವರಾಗಿ ಕೇಳಲಿ ಅಂತ ಕಾಯಬೇಡಿ.