ಐದೇ ನಿಮಿಷ ಅಂತೆ, ಯಾರ ಕಾಲಿನ ಲೆಕ್ಕ ಅದು?

ಇನ್ನು ಮೇಲೆ ಯಾವ ಹೋಟೆಲಿನವರಾದರೂ ಫೋನಿನಲ್ಲಿ ‘ವಾಕಿಂಗ್ ಡಿಸ್ಟೆನ್ಸ್ ಮೇಡಂ’ ಅಂದರೆ, ಅವರನ್ನೇ ಸ್ಟೇಷನ್ ಗೇಟಿಗೆ ಕರೆಸಿ, ಎರಡೂ ಕೈಗೆ ನಮ್ಮ ಬ್ಯಾಗು ಕೊಟ್ಟು, ‘ನಡೀರಿ, ಹಿಂದೆ ಬರ್ತೀವಿ’ ಅನ್ನಬೇಕು ಅಂತ ತೀರ್ಮಾನ ಮಾಡಿದ್ದೇನೆ. ಊರಿಗೆ ವಾಪಸ್ ಬಂದು ನಾಲ್ಕು ದಿನ ಆಯಿತು. ಅವ್ವನ ಮೊಣಕಾಲಿನ ಬಾವು ಇಳಿದಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ.

ವಿಷಯ ಇಷ್ಟೇ. ಅವ್ವನಿಗೆ 71 ವರ್ಷ. ಎರಡೂ ಮೊಣಕಾಲು ಸವೆದಿವೆ. ಜಯನಗರದ ಕಡೆ ಒಬ್ಬ ಒಳ್ಳೆ ಡಾಕ್ಟರ್ ಇದ್ದಾರೆ ಅಂತ ಗೊತ್ತಾಗಿ ಹನ್ನೊಂದು ಗಂಟೆಗೆ ಅಪಾಯಿಂಟ್‌ಮೆಂಟ್ ತಗೊಂಡೆ. ಮರುದಿನ ರಿಪೋರ್ಟ್ ತೋರಿಸಿ ರಾತ್ರಿ ರೈಲಿಗೆ ಹತ್ತುವುದು. ಲೆಕ್ಕ ಸರಿಯಾಗಿಯೇ ಹಾಕಿದ್ದೆ. ರಾತ್ರಿ ಧಾರವಾಡದಲ್ಲಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಮೆಜೆಸ್ಟಿಕ್‌ನಲ್ಲಿ ರೂಮು, ಸ್ನಾನ, ತಿಂಡಿ, ಒಂದು ಗಂಟೆ ಅವ್ವ ಕಾಲು ಚಾಚಿ ಮಲಗುವುದು. ಆಮೇಲೆ ಮೆಟ್ರೊ ಹಸಿರು ಲೈನ್ ಹಿಡಿದರೆ ಆರನೇ ಸ್ಟೇಷನ್ನೇ ಜಯನಗರ. ಬೆಂಗಳೂರಿನಲ್ಲಿ ನೆಂಟರಿಲ್ಲವಾ ಅಂತ ಕೇಳಬೇಡಿ. ಇದ್ದಾರೆ. ಒಬ್ಬರು ಯಲಹಂಕದ ಆಚೆ, ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿ ದಾಟಿ. ಅಲ್ಲಿಂದ ಜಯನಗರ ಮುಟ್ಟುವುದಕ್ಕಿಂತ ಧಾರವಾಡದಿಂದ ಬರುವುದೇ ಸಲೀಸು ಅನಿಸುತ್ತದೆ.

ಸರಿ, ಆ್ಯಪ್ ತೆಗೆದೆ. ‘ರೈಲ್ವೆ ಸ್ಟೇಷನ್ ಹತ್ತಿರ’ ಅಂತ ಹಾಕಿದೆ. ಬಂತು ನೋಡಿ ಪಟ್ಟಿ. ಮೊದಲನೇದು ಯಶವಂತಪುರ. ಎರಡನೇದು ಕಂಟೋನ್ಮೆಂಟ್. ಮೂರನೇದು ಬೈಯಪ್ಪನಹಳ್ಳಿ. ಬೆಂಗಳೂರಿನಲ್ಲಿ ಒಂದೇ ಸ್ಟೇಷನ್ ಇದ್ದ ಕಾಲದಲ್ಲೇ ಈ ಆ್ಯಪಿನವರು ನಿದ್ದೆ ಹೋಗಿದ್ದಾರಾ ಹೇಗೆ? ನಮ್ಮ ಚಿಕ್ಕಪ್ಪನ ಮಗ ಹಿಂದೊಮ್ಮೆ ಹೀಗೇ ಬಿದ್ದಿದ್ದ. 2022ರಲ್ಲಿ ಬೈಯಪ್ಪನಹಳ್ಳಿ ಕಡೆ ವಿಶ್ವೇಶ್ವರಯ್ಯ ಟರ್ಮಿನಲ್ ಅಂತ ಹೊಸ ರೈಲ್ವೆ ಸ್ಟೇಷನ್ ಶುರುವಾದ ಮೇಲೆ ಅವನ ರೈಲು ಅಲ್ಲಿಗೆ ಬಂತು, ರೂಮು ಮಾತ್ರ ಮೆಜೆಸ್ಟಿಕ್‌ನಲ್ಲಿ ಬುಕ್ ಆಗಿತ್ತು. ಬೈಯಪ್ಪನಹಳ್ಳಿ ಅಂತ ಮೆಟ್ರೊ ಸ್ಟೇಷನ್ ಇದೆಯಲ್ಲ, ಪಕ್ಕದಲ್ಲೇ ಇರುತ್ತೆ ಅಂದುಕೊಂಡು ಸೂಟ್‌ಕೇಸ್ ಎಳೆದುಕೊಂಡು ಹೊರಟ. ಟರ್ಮಿನಲ್‌ಗೂ ಅದಕ್ಕೂ ಮಧ್ಯೆ ಒಂದು ಕಿಲೋಮೀಟರಿಗಿಂತ ಜಾಸ್ತಿ ಇದೆ ಅಂತ ಅವನಿಗೆ ಗೊತ್ತಾದದ್ದು ಸೂಟ್‌ಕೇಸಿನ ಒಂದು ಗಾಲಿ ಕಿತ್ತು ಹೋದ ಮೇಲೆ. ಅವನ ಕಥೆ ಕೇಳಿ ನಾನು ಅವತ್ತು ಬಿದ್ದು ಬಿದ್ದು ನಕ್ಕಿದ್ದೆ. ಈಗ ಅವನ ಸರದಿ.

ಹಾಗಾಗಿ ನಾನು ಹುಷಾರಾಗಿಯೇ ಇದ್ದೆ. ಕೆಎಸ್‌ಆರ್ ಬೆಂಗಳೂರು ಅಂತ, ಅಂದರೆ ಮೆಜೆಸ್ಟಿಕ್ ಎದುರಿನ ರೈಲ್ವೆ ಸ್ಟೇಷನ್ ಹೆಸರೇ ಹಾಕಿ, ಒತ್ತಿ ಒತ್ತಿ ಹುಡುಕಿದೆ. ಒಂದು ಹೋಟೆಲ್ ಸಿಕ್ಕಿತು. ಹೆಸರಲ್ಲೇ ‘ಸ್ಟೇಷನ್’ ಇದೆ. ‘ಸ್ಟೇಷನ್‌ನಿಂದ 350 ಮೀಟರ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಲಿಫ್ಟ್ ಇದೆ, ಬಿಸಿನೀರಿದೆ, ‘ಸ್ಥಳ’ಕ್ಕೆ ಹತ್ತಕ್ಕೆ ಒಂಬತ್ತು ಅಂಕ ಇದೆ. ಅಷ್ಟಕ್ಕೂ ಬಿಡದೆ ಫೋನ್ ಮಾಡಿ ಕೇಳಿದೆ. ‘ವಯಸ್ಸಾದವರು ಇದ್ದಾರೆ, ರೈಲ್ವೆ ಸ್ಟೇಷನ್‌ನಿಂದ ನಡೆದು ಬರಬಹುದಾ?’ ಅಂದೆ. ‘ಐದೇ ನಿಮಿಷ ಮೇಡಂ, ನಡ್ಕೊಂಡೇ ಬರ್ಬೋದು, ಎಲ್ರೂ ಹಂಗೇ ಬರ್ತಾರೆ’ ಅಂದ ಆ ಪುಣ್ಯಾತ್ಮ. ಇದಕ್ಕಿಂತ ಜಾಸ್ತಿ ಇನ್ನೇನು ಕೇಳಬೇಕಿತ್ತು ನಾನು?

ಬೆಳಗ್ಗೆ ರೈಲು ಇಳಿದೆವು. ಮೇಲ್ಸೇತುವೆ ಹತ್ತಿ ಇಳಿದು ಒಂದನೇ ಪ್ಲಾಟ್‌ಫಾರಂ ಕಡೆ ಬರುವ ಹೊತ್ತಿಗೇ ಅವ್ವ ಎರಡು ಸಲ ಕೂತಳು. ಅದಕ್ಕೆ ಯಾರನ್ನೂ ಬೈಯುವುದಿಲ್ಲ. ಹತ್ತು ಪ್ಲಾಟ್‌ಫಾರಂ ಇರುವ ಸ್ಟೇಷನ್, ಆಚೆಯಿಂದ ಈಚೆ ಬರಬೇಕು ಅಂದರೆ ಅಷ್ಟು ಇದ್ದೇ ಇರುತ್ತೆ. ಗೇಟಿನ ಹೊರಗೆ ನಿಂತು ಮ್ಯಾಪ್ ಹಾಕಿದೆ. ಹತ್ತಿರ ಹತ್ತಿರ ಒಂದು ಕಿಲೋಮೀಟರ್ ತೋರಿಸ್ತಿದೆ! ಮೊಬೈಲ್ ಕೆಟ್ಟಿರಬೇಕು ಅಂತ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ. ಹೋಟೆಲಿಗೆ ಫೋನ್ ಮಾಡಿದರೆ ಅವನು ಆರಾಮಾಗಿ, ‘ಮೆಜೆಸ್ಟಿಕ್ ಸ್ಟೇಷನ್ ಹತ್ರ ಬನ್ನಿ ಮೇಡಂ, ಅಲ್ಲಿಂದ ಐದೇ ನಿಮಿಷ’ ಅನ್ನುತ್ತಾನೆ.

ಆಗ ತಲೆಗೆ ಹೊಳೆಯಿತು. ಅವರ 350 ಮೀಟರ್ ಮೆಟ್ರೊ ಸ್ಟೇಷನ್‌ನಿಂದ. ಅದೂ ರಸ್ತೆ ಮೇಲೆ ನಡೆದು ಅಳೆದದ್ದಲ್ಲ, ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದದ್ದು. ನಾನು ರೈಲ್ವೆ ಸ್ಟೇಷನ್ ಅಂತ ಬಾಯಿ ಬಿಟ್ಟು ಕೇಳಿದ್ದೆ, ಅವನ ಕಿವಿಗೆ ಬರೀ ‘ಸ್ಟೇಷನ್’ ಅನ್ನುವುದಷ್ಟೇ ಬಿದ್ದಿದೆ. ಪಾಪ, ಉಪ್ಪಾರಪೇಟೆ ಪೊಲೀಸ್ ಸ್ಟೇಷನ್ನೂ ಅಲ್ಲೇ ಇದೆ. ಅಲ್ಲಿಂದಲೂ ಅಳೆದು ಹಾಕಬಹುದಿತ್ತು, ಅದೂ ಸ್ಟೇಷನ್ನೇ ಅಲ್ವಾ?

ಮೆಜೆಸ್ಟಿಕ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳುತ್ತೇನೆ. ರೈಲ್ವೆ ಸ್ಟೇಷನ್ ಎದುರಿಗೆ ಬಸ್ ಸ್ಟ್ಯಾಂಡ್ ಇದೆಯಲ್ಲ, ಅದು ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕೆರೆ ಹೋಗಿ ಬಸ್ಸು ಬಂತು. ಪಕ್ಕದ ರಸ್ತೆಗೆ ಇವತ್ತಿಗೂ ಟ್ಯಾಂಕ್ ಬಂಡ್ ರೋಡ್ ಅಂತಲೇ ಹೆಸರು. ಈ ಹೋಟೆಲ್ ಇದ್ದದ್ದು ಗಾಂಧಿನಗರದ ಕಡೆ, ಸುಬೇದಾರ್ ಛತ್ರಂ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ. ಅಂದರೆ ರೈಲ್ವೆ ಸ್ಟೇಷನ್ ಕೆರೆಯ ಈ ದಡ, ಹೋಟೆಲ್ ಆ ದಡ. ಮೊಣಕಾಲು ಸವೆದ ಮುದುಕಿಯನ್ನು ಕರೆದುಕೊಂಡು, ಒಂದು ಗಾಲಿ ಬ್ಯಾಗು, ಒಂದು ಕೈಚೀಲ, ಎಕ್ಸ್‌ರೇ ಇರುವ ದೊಡ್ಡ ಕವರು ಎತ್ತಿಕೊಂಡು ಒಂದು ಇಡೀ ಕೆರೆ ದಾಟಬೇಕು ನಾವು.

ಮೊದಲು ಆಟೋ ಕೇಳಿದೆ. ಸುಬೇದಾರ್ ಛತ್ರಂ ರಸ್ತೆ ಅಂದ ತಕ್ಷಣ ಮೂರು ಜನ ಮುಖ ತಿರುಗಿಸಿದರು. ನಾಲ್ಕನೆಯವರು 200 ಅಂದರು. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ ಮೀಟರ್ ದರ 36 ರೂಪಾಯಿ. ಅದನ್ನು ಹೇಳಿದರೆ, ‘ಅಮ್ಮಾ, ಅಲ್ಲೇ ಇದೆ, ನಡ್ಕೊಂಡೇ ಹೋಗಿ, ಐದು ನಿಮಿಷ’ ಅಂತ ಇವರೂ ಅದನ್ನೇ ಅಂದರು. ಬೆಂಗಳೂರಿನಲ್ಲಿ ಐದು ನಿಮಿಷ ಅನ್ನುವುದಕ್ಕೆ ಬೇರೆ ಏನೋ ಅರ್ಥ ಇರಬೇಕು. 200 ಕೊಟ್ಟೇ ಹೋಗಬೇಕಿತ್ತು, ಈಗ ಗೊತ್ತಾಗುತ್ತೆ. ಆದರೆ ಆ ಹೊತ್ತಿಗೆ ಹಟ ಬಂತು. ಅವ್ವನಿಗೂ ಬಂತು. ‘ಎರಡ ನೂರ ಯಾಕ ಕೊಡ್ತಿ, ನಡಿ, ಹ್ವಾದ್ರಾತು’ ಅಂದಳು.

ರಸ್ತೆ ದಾಟಲು ಸಬ್‌ವೇ. ಇಳಿಯಲು ಮೆಟ್ಟಿಲು, ಹತ್ತಲು ಮೆಟ್ಟಿಲು. ಬ್ಯಾಗಿನ ಗಾಲಿ ಮೆಟ್ಟಿಲಿಗೆ ಪ್ರಯೋಜನ ಇಲ್ಲ, ಎತ್ತಲೇಬೇಕು. ಬ್ಯಾಗು ಹಿಡಿದರೆ ಅವ್ವನ ಕೈ ಬಿಡಬೇಕು, ಅವ್ವನ ಕೈ ಹಿಡಿದರೆ ಬ್ಯಾಗು ಬಿಡಬೇಕು. ಹಾಗಾಗಿ ಮೊದಲು ಬ್ಯಾಗು ಕೆಳಗಿಟ್ಟು ಬಂದು, ಆಮೇಲೆ ಅವ್ವನನ್ನು ಇಳಿಸಿ, ಆ ಕಡೆ ಮತ್ತೆ ಬ್ಯಾಗು ಮೇಲಿಟ್ಟು, ಮತ್ತೆ ಕೆಳಗೆ ಬಂದು ಅವ್ವನನ್ನು ಹತ್ತಿಸಿ, ಹೀಗೆ ಒಂದೇ ಮೆಟ್ಟಿಲನ್ನು ನಾನು ಮೂರು ಮೂರು ಸಲ ತುಳಿದೆ, ಮಧ್ಯೆ ಕೆಳಗಿಟ್ಟ ಬ್ಯಾಗು ಯಾರಾದರೂ ಎತ್ತಿಕೊಂಡು ಹೋದಾರು ಅಂತ ಕಣ್ಣು ಅದರ ಮೇಲೆಯೇ. ಯಾರೋ ಒಬ್ಬ ಕಾಲೇಜು ಹುಡುಗ ನೋಡಲಾರದೆ ಬಂದು ಬ್ಯಾಗು ಎತ್ತಿ ಮೇಲಿಟ್ಟು, ಹೆಸರೂ ಹೇಳದೆ ಬಸ್ಸಿಗೆ ಓಡಿದ. ಅವನ ಹೊಟ್ಟೆ ತಣ್ಣಗಿರಲಿ.

ಆಮೇಲೆ ಬಸ್ ಸ್ಟ್ಯಾಂಡ್. ಬಸ್ಸುಗಳು ತಿರುಗುವ ಜಾಗ, ತರಕಾರಿ ಮೂಟೆ, ಓಡುವ ಜನ. ಅವ್ವ ಸಿಕ್ಕ ಸಿಕ್ಕ ಕಲ್ಲುಕಟ್ಟೆ ಮೇಲೆಲ್ಲ ಕೂತಳು. ‘ಇನ್ನ ಎಷ್ಟ ದೂರ ಐತೆವಾ? ಐದ ನಿಮಿಷ ಅಂದಿದ್ದೆಲ್ಲ?’ ಅಂತ ಕೇಳಿದಾಗ ನನಗೆ ಅಳುವೇ ಬಂತು. ನಾನು ಅಂದಿದ್ದಲ್ಲವ್ವಾ, ಆ ಹೋಟೆಲಿನವ ಅಂದಿದ್ದು ಅಂತ ಹೇಳಬೇಕು ಅನಿಸಿತು. ಹೇಳಲಿಲ್ಲ. ಗೇಟಿನಿಂದ ಹೋಟೆಲ್ ಬಾಗಿಲಿಗೆ ನಮಗೆ ಹಿಡಿದದ್ದು 48 ನಿಮಿಷ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಅಲ್ಲಿಗೆ ಮುಗಿಯಿತಾ? ಇಲ್ಲ. ‘ಚೆಕ್ ಇನ್ ಹನ್ನೆರಡು ಗಂಟೆಗೆ ಮೇಡಂ’ ಅಂದ. ರಾತ್ರಿ ರೈಲಿನವರು ಬೆಳಗ್ಗೆ ಬಂದು ಇಳಿಯುತ್ತಾರೆ ಅಂತ ಗೊತ್ತಿದ್ದೇ ತಾನೇ ಹೆಸರಿಗೆ ‘ಸ್ಟೇಷನ್’ ಅಂಟಿಸಿಕೊಂಡಿರುವುದು? ನಮ್ಮಪ್ಪ ಇದ್ದಾಗ ಮೆಜೆಸ್ಟಿಕ್‌ನ ಹಳೇ ಲಾಡ್ಜುಗಳಲ್ಲಿ ಇಳಿಯುತ್ತಿದ್ದೆವು. ಗೋಡೆ ಬಣ್ಣ ಉದುರಿರಬಹುದು, ಟಿವಿ ಬರದೇ ಇರಬಹುದು, ಆದರೆ 24 ಗಂಟೆ ಲೆಕ್ಕ. ಬೆಳಗ್ಗೆ ಆರಕ್ಕೆ ಹೋದರೆ ಮರುದಿನ ಆರಕ್ಕೆ ಖಾಲಿ ಮಾಡಿದರಾಯಿತು. ಈಗಲೂ ಹಾಗೆ ಕೊಡುವವರು ಇದ್ದಾರೆ, ಕೇಳಿ ಬುಕ್ ಮಾಡಬೇಕಿತ್ತು, ಅದು ನನ್ನ ತಪ್ಪು. ಕಡೆಗೆ ‘ಅರ್ಲಿ ಚೆಕ್ ಇನ್’ ಅಂತ ಅರ್ಧ ದಿನದ ಬಾಡಿಗೆ ಕೀಳಿಸಿಕೊಂಡ. ಆಟೋಗೆ 200 ಉಳಿಸಿದವಳು ಇಲ್ಲಿ 900 ಕೊಟ್ಟೆ.

ಲಿಫ್ಟ್ ಇತ್ತು. ಸುಳ್ಳು ಹೇಳಬಾರದು, ಖಂಡಿತ ಇತ್ತು. ಮೊದಲನೇ ಮಹಡಿಯಿಂದ ಇತ್ತು! ಕೆಳಗೆ ಅಂಗಡಿಗಳು, ರಿಸೆಪ್ಷನ್ ಮೊದಲನೇ ಮಹಡಿ. ಅಲ್ಲಿಗೆ ಹೋಗಲು ಕಡಿದಾದ 22 ಮೆಟ್ಟಿಲು. ಅವ್ವ ಅದನ್ನು ನೋಡಿ ಏನೂ ಮಾತಾಡಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು ಅಷ್ಟೇ. ಬಿಸಿನೀರು ಆರರಿಂದ ಎಂಟರವರೆಗೆ ಮಾತ್ರ ಅಂತ ಬಾತ್‌ರೂಮ್ ಬಾಗಿಲ ಒಳಗಡೆ ಚೀಟಿ ಅಂಟಿಸಿದ್ದರು. ನಾವು ರೂಮಿಗೆ ಹೋದಾಗ ಎಂಟು ಹತ್ತು.

ಸಂಜೆ ತಂಗಿಯ ಮಗ ಸಹಾಯಕ್ಕೆ ಬಂದ. ರಾತ್ರಿ ಇಲ್ಲೇ ಮಲಗುತ್ತಾನೆ, ಬೇಕಾದರೆ ಜಾಸ್ತಿ ಹಾಸಿಗೆಗೆ ದುಡ್ಡು ಕೊಡುತ್ತೇನೆ ಅಂದರೆ, ಅವನ ಆಧಾರ್‌ನಲ್ಲಿ ಬೆಂಗಳೂರಿನ ವಿಳಾಸ ಇದೆ, ‘ಲೋಕಲ್ ಐಡಿ’ ನಡೆಯಲ್ಲ ಅಂತ ಕಳಿಸಿಬಿಟ್ಟರು. ಅಜ್ಜಿಯ ಪಕ್ಕ ಮಲಗುವ ಹತ್ತೊಂಬತ್ತರ ಹುಡುಗನ ಮೇಲೆ ಏನು ಅನುಮಾನವೋ ದೇವರೇ ಬಲ್ಲ.

ಸ್ಟೇಷನ್ ಒಳಗೇ ರೈಲ್ವೆಯವರು ಬಾಡಿಗೆಗೆ ಕೊಡುವ ರಿಟೈರಿಂಗ್ ರೂಮ್ ತಗೋಬೇಕಿತ್ತು ಅಂತ ಎಲ್ಲರೂ ಈಗ ಬುದ್ಧಿ ಹೇಳುತ್ತಿದ್ದಾರೆ. ಗೊತ್ತು. ಪಿಎನ್‌ಆರ್ ಹಾಕಿ ನೋಡಿದ್ದೆ, ಆಗಲೇ ಭರ್ತಿಯಾಗಿತ್ತು. ನನಗಿಂತ ಮೊದಲು ಎಚ್ಚರವಾದವರು ತಗೊಂಡರು, ಅಷ್ಟೇ. ಆದರೆ ಇನ್ನೊಂದು ವಿಷಯ ಹೊಟ್ಟೆ ಉರಿಸುತ್ತದೆ. ಆ ಸ್ಟೇಷನ್ ಎದುರಿನ ರಸ್ತೆಗೆ ಗುಬ್ಬಿ ತೋಟದಪ್ಪನವರ ಹೆಸರಿದೆ. ದೂರದೂರಿನಿಂದ ಬರುವವರು ರೈಲು ಇಳಿದು ಎಲ್ಲಿ ಉಳಿಯಬೇಕು ಅಂತ ಯೋಚನೆ ಮಾಡಿ, ಸ್ಟೇಷನ್ ಹತ್ತಿರವೇ ಜಾಗ ಕೊಂಡು ಛತ್ರ ಕಟ್ಟಿಸಿದವರು ಅವರು. ಛತ್ರ ಶುರುವಾದದ್ದು 1903ರಲ್ಲಿ. ಮ್ಯಾಪು ಆ್ಯಪು ಒಂದೂ ಇಲ್ಲದ ಕಾಲದ ವ್ಯಾಪಾರಿಗೆ ‘ಹತ್ತಿರ’ ಅಂದರೆ ಏನು ಅಂತ ಗೊತ್ತಿತ್ತು.

ಊರಿಗೆ ಬಂದ ಮೇಲೆ ಆ್ಯಪಿನಲ್ಲಿ ಎಲ್ಲ ಬಿಡಿಸಿ ಬರೆದೆ. ಮೆಟ್ರೊ ಬೇರೆ, ರೈಲ್ವೆ ಬೇರೆ, 350 ಮೀಟರ್ ಸುಳ್ಳು, 22 ಮೆಟ್ಟಿಲು ಹತ್ತಿ ಲಿಫ್ಟ್ ಹಿಡಿಯಬೇಕು ಅಂತ. ಒಂದೇ ಒಂದು ಸ್ಟಾರ್ ಕೊಟ್ಟೆ, ಸೊನ್ನೆ ಕೊಡಲು ಬಿಡುವುದಿಲ್ಲವಲ್ಲ. ಎರಡೇ ಗಂಟೆಯಲ್ಲಿ ಹೋಟೆಲಿನವರ ಉತ್ತರ ಬಂತು. ‘ನಮ್ಮ ಹೋಟೆಲಿನ ಅನುಕೂಲಕರ ಸ್ಥಳ ನಿಮಗೆ ಇಷ್ಟವಾಗಿದ್ದಕ್ಕೆ ಧನ್ಯವಾದ, ಮತ್ತೆ ಬನ್ನಿ’ ಅಂತೆ! ಆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟವರು ಯಾರು ಅಂತ ಕೂತು ಓದಿದೆ. ಬಹಳ ಜನ ಹೆಗಲಿಗೆ ಒಂದು ಬ್ಯಾಗು ಹಾಕಿಕೊಂಡು ಇಂಟರ್‌ವ್ಯೂಗೆ ಬಂದ ಹುಡುಗರು. ಅವರ ಕಾಲಿಗೆ ಅದು ಹತ್ತಿರವೇ ಇರಬಹುದು. ಅವರನ್ನು ಏನು ಅನ್ನುವುದು? ಆದರೆ ದೂರ ಬರೆಯುವವರು ಯಾವ ಗೇಟಿನಿಂದ ಅಂತ ಒಂದು ಪದ ಸೇರಿಸಿದರೆ ಅವರ ಗಂಟೇನು ಹೋಗುತ್ತೆ? ಆ ಸ್ಟೇಷನ್‌ಗೆ ಓಕಳಿಪುರಂ ಕಡೆ ಇನ್ನೊಂದು ಬಾಗಿಲಿದೆ. ಅಲ್ಲಿ ಇಳಿದವನಿಗೆ ಒಂದು ಲೆಕ್ಕ, ಒಂದನೇ ಪ್ಲಾಟ್‌ಫಾರಂ ಕಡೆ ಹೊರಬಂದವನಿಗೆ ಇನ್ನೊಂದು ಲೆಕ್ಕ.

ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ ಡಾಕ್ಟರು. ಒಂದನೇ ಪ್ಲಾಟ್‌ಫಾರಂ ಗೇಟಿನ ಕಡೆ, 24 ಗಂಟೆ ಲೆಕ್ಕದಲ್ಲಿ ಕೊಡುವ, ರಸ್ತೆ ಮಟ್ಟದಿಂದಲೇ ಲಿಫ್ಟ್ ಇರುವ ಯಾವುದಾದರೂ ಸಾಧಾರಣ ಲಾಡ್ಜ್ ನೀವೇ ಇಳಿದು ನೋಡಿದ್ದರೆ ದಯವಿಟ್ಟು ಹೇಳಿ. ಎಷ್ಟು ನಿಮಿಷ ಅಂತ ಹೇಳಬೇಡಿ. ಎಷ್ಟು ಮೆಟ್ಟಿಲು ಅಂತ ಹೇಳಿ.