ಮೂರನೇ ಹೆಸರು

ಸೈನ್ಯಕ್ಕೆ ಹೋಗಿ ವಾಪಸ್ ಬಾರದ ಊರಿನ ಮೂವರ ಹೆಸರು ಕೊರೆದ ಕಲ್ಲೊಂದನ್ನು ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ, ಹೊಂಗೆಮರದ ಕೆಳಗೆ ನಿಲ್ಲಿಸಿದ್ದೇವೆ. ಹಿಂದೆ ಅದರ ಫೋಟೋ ಹಾಕಿದ್ದೆ. ಅದನ್ನು ನೋಡಿ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಮಾತು: "ಮೂರನೆಯವನು ಯಾವ ಯುದ್ಧದಲ್ಲಿ ತೀರಿಕೊಂಡಿದ್ದು?" ಈ ಪ್ರಶ್ನೆ ನಮ್ಮೂರಲ್ಲೇ ತಿಂಗಳುಗಟ್ಟಲೆ ಓಡಾಡಿದೆ. ಪಂಚಾಯಿತಿ ಕಟ್ಟೆ ಮೇಲೆ, ಹೋಟೆಲಲ್ಲಿ, ಕೊನೆಗೆ ಅವನ ತಾಯಿಯ ಕಿವಿಗೂ ಬಿದ್ದಿದೆ. ಅದಕ್ಕೇ ಇವತ್ತು ಕೂತು ಪೂರ್ತಿ ಬರೀತಿದ್ದೀನಿ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಊರು. ಶೇಂಗಾ, ಕುರಿ, ಮುಗಿಲು ನೋಡೋದು, ಇಷ್ಟೇ ಬದುಕು. ಮಳೆ ಕೈಕೊಟ್ಟ ವರ್ಷ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ, ಮೈಕಟ್ಟು ಇದ್ದವರು ಸೈನ್ಯದ ಭರ್ತಿಗೆ ಹೋಗುತ್ತಾರೆ. ಹಾಗೆ ಹೋದವರಲ್ಲಿ ಮೂವರು ವಾಪಸ್ ಬರಲಿಲ್ಲ. ಒಬ್ಬರು 1971ರ ಡಿಸೆಂಬರ್ ಯುದ್ಧದಲ್ಲಿ ಸತ್ತರು. ಇನ್ನೊಬ್ಬರು 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ನಮ್ಮ ಶಾಂತಿಪಾಲನಾ ಪಡೆಯಲ್ಲಿ. ಮೂರನೆಯವನು ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತವನು. ಲಡಾಖ್‌ನಲ್ಲಿ ಸೇನೆಯ ಲಾರಿ ಓಡಿಸುತ್ತಿದ್ದ. ಮೇಲಿನ ಠಾಣೆಗೆ ಸೀಮೆಎಣ್ಣೆ, ರೇಷನ್ ಒಯ್ಯುವಾಗ ಹಿಮದ ದಾರಿಯಲ್ಲಿ ಲಾರಿ ಜಾರಿ ಕಣಿವೆಗೆ ಬಿತ್ತು.

ಕಲ್ಲಿನ ಮಾತು ಶುರುವಾದದ್ದು ಹುಡುಗರಿಂದ. ಅವರಿಗೆ ಬಂದೂಕು ಹಿಡಿದ ಸಿಮೆಂಟ್ ಯೋಧನ ಪ್ರತಿಮೆ ಬೇಕಿತ್ತು. ದೊಡ್ಡವರೊಬ್ಬರು ಪೂರಾ ಖರ್ಚು ನಾನೇ ಕೊಡ್ತೀನಿ ಅಂತ ಮುಂದೆ ಬಂದರು. ಆದರೆ ಪೀಠದ ಮೇಲೆ ಅವರ ಹೆಸರು, ಅವರ ತಂದೆಯ ಹೆಸರು, ಫೋಟೋ ಬರಬೇಕು. ಅವರು ಬರೆದುಕೊಟ್ಟ ಚೀಟಿ ನಾನು ನೋಡಿದೆ. ಸತ್ತವರ ಹೆಸರಿಗಿಂತ ಕೊಟ್ಟವರ ಹೆಸರು ಉದ್ದ ಇತ್ತು. ಊರಲ್ಲಿ ಒಬ್ಬರು ನಿವೃತ್ತ ಹವಾಲ್ದಾರರಿದ್ದಾರೆ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು, ಮಾತು ಕಡಿಮೆ. ಆ ಚೀಟಿ ಮಡಚಿ ವಾಪಸ್ ಕೊಟ್ಟು, "ನಮ್ಮ ಹುಡುಗರ ಕಲ್ಲನ್ನ ನಾವೇ ನಿಲ್ಲಿಸ್ತೀವಿ" ಅಂದರು. ಅಲ್ಲಿಂದ ಅದು ಊರಿನ ಕೆಲಸವಾಯಿತು.

ದುಡ್ಡು ಕೂಡಿಸಿದ್ದು ಸುಗ್ಗಿಯಲ್ಲಿ. ಶೇಂಗಾ ಕಿತ್ತು ರಾಶಿ ಮಾಡಿದ ಕಣಕ್ಕೇ ಹೋಗಿ ಮನೆಗೆ ಇಷ್ಟು ಅಂತ ಕೇಳಿದೆವು. ಒಂದು ಚೀಲ ಕೊಟ್ಟವರೂ ಇದ್ದಾರೆ, ಸೆರಗಲ್ಲಿ ನಾಲ್ಕು ಸೇರು ತಂದು ಸುರಿದ ಅಜ್ಜಿಯೂ ಇದ್ದಾಳೆ. ಎಲ್ಲ ಒಟ್ಟಿಗೆ ಚಳ್ಳಕೆರೆ ಮಾರ್ಕೆಟ್‌ಗೆ ಹೋಯಿತು. ಕುರಿ ಹಟ್ಟಿಯವರು ಎರಡು ಟಗರು ಕೊಟ್ಟರು. ಯಾರು ಎಷ್ಟು ಕೊಟ್ಟರು ಅನ್ನೋದು ಒಂದು ನೋಟ್‌ಬುಕ್ಕಲ್ಲಿದೆ, ಕಲ್ಲಿನ ಮೇಲಿಲ್ಲ.

ಜಗಳ ಹತ್ತಿದ್ದು ಹೆಸರು ಬರೆಯೋ ಹೊತ್ತಿಗೆ. 1971ರವರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಶ್ರೀಲಂಕಾದ ಹೆಸರು ಬಂದಾಗ "ಅದು ನಮ್ಮ ಯುದ್ಧ ಹೆಂಗಾಗುತ್ತೆ?" ಅಂತ ಒಬ್ಬರು ಎದ್ದರು. ಆ ಮೂರು ವರ್ಷಗಳಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತಿದ್ದಾರೆ. ಕಳಿಸಿದ್ದು ನಾವು, ಹೋಗು ಅಂದಾಗ ಹೋದದ್ದು ಅವರು. ಅದಾದರೂ ಹೇಗೋ ಬಗೆಹರಿಯಿತು. ನನ್ನ ಗೆಳೆಯನ ಹೆಸರಿಗೆ ಮಾತ್ರ ಸಭೆ ಎರಡು ಹೋಳಾಯಿತು. "ಆಕ್ಸಿಡೆಂಟ್ ಅಲ್ವಾ? ಹೈವೇಲಿ ದಿನಾ ಸಾಯ್ತಾರೆ. ಅದಕ್ಕೂ ಕಲ್ಲು ನಿಲ್ಲಿಸ್ತೀವಾ?" ಹೀಗೆ ಅಂದವರು ಕೆಟ್ಟವರಲ್ಲ. ಕಲ್ಲಿನ ಬೆಲೆ ಕಡಿಮೆಯಾಗಬಾರದು ಅನ್ನೋ ಕಾಳಜಿ ಅವರದ್ದು. ಆದರೂ ಆ ಮಾತು ಎದೆಗೆ ಚುಚ್ಚಿದ್ದು ಇವತ್ತಿಗೂ ಆರಿಲ್ಲ.

ಸೇನೆಯ ಕಾಗದಪತ್ರಗಳಲ್ಲೂ ಈ ವಿಂಗಡಣೆ ಇದೆ ನಿಜ. ಕಾರ್ಯಾಚರಣೆಯಲ್ಲಿ ಸತ್ತದ್ದು ಬೇರೆ, ಸೇವೆಯಲ್ಲಿದ್ದಾಗ ಬೇರೆ ಕಾರಣಕ್ಕೆ ಸತ್ತದ್ದು ಬೇರೆ. ಕುಟುಂಬಕ್ಕೆ ಬರುವ ಪಿಂಚಣಿಯೂ ಅದರ ಮೇಲೆ ನಿಲ್ಲುತ್ತದೆ. ಕಚೇರಿಗೆ ಆ ಲೆಕ್ಕ ಬೇಕು, ಊರಿಗೆ ಯಾಕೆ ಬೇಕು? ಸಿಯಾಚಿನ್‌ನಲ್ಲಿ ಶತ್ರುವಿನ ಗುಂಡಿಗಿಂತ ಚಳಿ, ಹಿಮಪಾತಕ್ಕೇ ಹೆಚ್ಚು ಸೈನಿಕರು ಬಲಿಯಾಗಿದ್ದಾರೆ. 2016ರ ಫೆಬ್ರವರಿಯಲ್ಲಿ ಅಲ್ಲಿ ಹತ್ತು ಯೋಧರು ಹಿಮದಡಿ ಹೂತುಹೋದರು. ಆರು ದಿನದ ಮೇಲೆ ಜೀವಂತ ಸಿಕ್ಕ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ಕರ್ನಾಟಕ ಕೈಮುಗಿದು ಕೂತಿತ್ತು. ಅವರು ಉಳಿಯಲಿಲ್ಲ. ಅವರ ಮೇಲೂ ಯಾರೂ ಗುಂಡು ಹಾರಿಸಿರಲಿಲ್ಲ. ಅವತ್ತು ಯಾರಾದರೂ ಇದು ಯಾವ ಯುದ್ಧ ಅಂತ ಕೇಳಿದೆವಾ?

ಸಭೆಯನ್ನು ಒಂದು ಮಾಡಿದ್ದು ಈ ವಾದ ಅಲ್ಲ. ಮಾರಮ್ಮನ ಗುಡಿ ಹಿಂದಿನ ಕಲ್ಲು.

ನಮ್ಮ ಕಡೆಯವರಿಗೆ ಗೊತ್ತು, ವೀರಗಲ್ಲಿಗೆ ನಾವು ಈರಗಾರ ಅಂತೀವಿ. ಬುಡ ಮಣ್ಣಲ್ಲಿ ಹೂತಿದೆ, ವರ್ಷ ವರ್ಷ ಸುಣ್ಣ ಬಳಿದು ಬಳಿದು ಗೆರೆಗಳು ಮಸುಕಾಗಿವೆ. ಹವಾಲ್ದಾರರು ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ ತೆಂಗಿನ ನಾರಿನಿಂದ ಸುಣ್ಣ ಉಜ್ಜಿಸಿದರು. ಎಷ್ಟೋ ವೀರಗಲ್ಲುಗಳ ಹಾಗೆ ಮೂರು ಅಂಕಣ: ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ, ಮೇಲೆ ಅವನು ಲಿಂಗದ ಮುಂದೆ ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಅಂಕಣದಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಕಾಲ ಹತ್ತಿರ ದನಗಳು. ರಾಜನೂ ಇಲ್ಲ, ಆನೆಯೂ ಇಲ್ಲ. ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು. ಯುದ್ಧ ಅಂತ ಯಾರೂ ಸಾರಿರಲಿಲ್ಲ. ಊರು ಹೇಳಿದ ಕೆಲಸ ಮಾಡುವಾಗ ಸತ್ತ, ಊರು ಕಲ್ಲು ನಿಲ್ಲಿಸಿತು.

ಕನ್ನಡನಾಡಲ್ಲಿ ತುರು, ಅಂದರೆ ದನ, ಕಾದವನಿಗೆ ಕಲ್ಲಿದೆ, ಹುಲಿ ಜೊತೆ ಹೋರಾಡಿದವನಿಗೆ ಕಲ್ಲಿದೆ. ಮಂಡ್ಯ ಕಡೆಯ ಆತಕೂರಲ್ಲಿ, ಕ್ರಿ.ಶ. 950ರ ಸುಮಾರಿನಲ್ಲಿ, ಕಾಡುಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಕಲ್ಲು ನಿಲ್ಲಿಸಿದ್ದಾರೆ. ಇತ್ತ ನಮ್ಮ ತಾಲ್ಲೂಕಿನ ದೊಡ್ಡೇರಿಯಲ್ಲೇ 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಮೊಗಲರ ಸೇನಾಪತಿ ಕಾಸಿಂಖಾನನನ್ನು ಮುತ್ತಿಗೆ ಹಾಕಿದ. ಸೇನಾಪತಿಗಳ ಹೆಸರು ಪುಸ್ತಕದಲ್ಲಿ ಉಳಿಯಿತು, ಸತ್ತ ಸಿಪಾಯಿಗಳದ್ದು ಉಳಿಯಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ದೇಶದ ಎಷ್ಟೋ ಹಳ್ಳಿಗಳಲ್ಲಿ ಫಲಕ ನೆಟ್ಟರು: ಈ ಊರಿಂದ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು. ಬರೀ ಸಂಖ್ಯೆ, ಹೆಸರಿಲ್ಲ. ನನಗೆ ಆ ಫಲಕಗಳ ಬಗ್ಗೆ ಓದಿದಾಗ ಹೊಟ್ಟೆ ಸಂಕಟವಾಗಿತ್ತು. ದಿಲ್ಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕವಾದಾಗ ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಇಟ್ಟಿಗೆ, ಅದರ ಮೇಲೆ ಹೆಸರು ಕೊರೆದರು, ಇಪ್ಪತ್ತೈದು ಸಾವಿರಕ್ಕೂ ಮೇಲೆ. ಅದು ಸರಿ. ಬೆಂಗಳೂರಿನ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿದ ಭಾರೀ ಏಕಶಿಲೆಗೂ ವೀರಗಲ್ಲು ಅಂತಲೇ ಕರೆದದ್ದು ಇನ್ನೂ ಸರಿ.

ಸುಣ್ಣ ಉಜ್ಜಿದ ಆ ಸಂಜೆ ಗುಡಿ ಹಿಂದೆ ನಿಂತಲ್ಲೇ ಮೂರೂ ಹೆಸರು ಒಪ್ಪಿಗೆಯಾಯಿತು. ಹೈವೇ ಮಾತಾಡಿದವರೇ ಕಲ್ಲು ತರಲು ಟ್ರ್ಯಾಕ್ಟರ್ ಕೊಟ್ಟರು.

ಹೊಳೆಯುವ ಕರಿ ಗ್ರಾನೈಟ್ ಬೇಡ ಅಂತ ನಮ್ಮ ಗುಡ್ಡದ ಬೂದುಗಲ್ಲನ್ನೇ ತಂದೆವು. ಮಷೀನ್ ಇಲ್ಲ, ಉಳಿ ಸುತ್ತಿಗೆಯಲ್ಲೇ ಅಕ್ಷರ. ಹುದ್ದೆ ಇಲ್ಲ, ಜಾತಿ ಇಲ್ಲ, ಹೆಸರು ಮತ್ತು ವರ್ಷ ಮಾತ್ರ. ನನ್ನ ಗೆಳೆಯನ ಹೆಸರಲ್ಲಿ ಒಂದು ಳಕಾರ ಇದೆ. ಸೇನೆಯ ದಾಖಲೆ ಇಂಗ್ಲಿಷಲ್ಲಿ, ಶವಪೆಟ್ಟಿಗೆ ಮೇಲೆ ಅಂಟಿಸಿದ ಚೀಟಿಯೂ ಇಂಗ್ಲಿಷಲ್ಲಿ, ಅದನ್ನು ನೋಡಿ ಕನ್ನಡದಲ್ಲಿ ಬರೆದ ಬ್ಯಾನರ್‌ಗಳಲ್ಲೆಲ್ಲ ಅದು ಲಕಾರ ಆಗಿಹೋಗಿತ್ತು. ಕಲ್ಲುಕುಟಿಗರು ಸೀಮೆಸುಣ್ಣದಲ್ಲಿ ಮೊದಲು ಬರೆದುಕೊಂಡಾಗಲೂ ಅದೇ ಲಕಾರ. ಓದು ಬರದ ಅವನ ತಾಯಿ ಪಕ್ಕದಲ್ಲಿ ಕೂತಿದ್ದರು. ಏನು ಬರೆದಿದ್ದೀರಿ, ಓದಿ ಹೇಳಿ ಅಂದರು. ಕುಟಿಗರು ಓದಿದರು. "ಅದು ನನ್ನ ಮಗ ಅಲ್ಲ" ಅಂದರು. ಅಳಿಸಿ ಳಕಾರ ಬರೆದು ಮತ್ತೆ ಓದಿದಾಗ ತಲೆಯಾಡಿಸಿದರು. ಆ ಒಂದು ಅಕ್ಷರ ಕೊರೆಯೋಕೆ ಕುಟಿಗರು ಉಳಿದದ್ದಕ್ಕಿಂತ ಹೆಚ್ಚು ಹೊತ್ತು ತಗೊಂಡರು.

ಕಲ್ಲು ನಿಲ್ಲಿಸೋ ದಿನ ರೇಷ್ಮೆ ಪರದೆ, ರಿಬ್ಬನ್ ಏನೂ ಇರಲಿಲ್ಲ. ಊರಲ್ಲೇ ನೇಯ್ದ ಕರಿ ಕಂಬಳಿ ಹೊದಿಸಿದ್ದೆವು. ಮೂರು ಮನೆಯ ಹೆಂಗಸರು ಸೇರಿ ಅದನ್ನು ತೆಗೆದರು. ಆ ಕಂಬಳಿ ಈಗ ಆ ತಾಯಿಯ ಮನೆಯಲ್ಲಿದೆ.

ಮೂರು ಹೆಸರಿನ ಕೆಳಗೆ ಒಂದು ಮೊಳ ಜಾಗ ಖಾಲಿ ಬಿಟ್ಟಿದ್ದೆವು. ನಾವೆಲ್ಲ ಕೂತು ತೀರ್ಮಾನ ಮಾಡಿಯೇ ಬಿಟ್ಟದ್ದು. ಊರಿನ ಹುಡುಗರು ಇನ್ನೂ ಗಡಿಯಲ್ಲಿದ್ದಾರೆ, ನಾಳೆ ಬೇಕಾಗಬಹುದು ಅಂತ. ಕಂಬಳಿ ಸರಿದ ಮೇಲೆ ಅವನ ತಾಯಿ ಹೆಸರುಗಳ ಮೇಲೆ ಕೈಯಾಡಿಸುತ್ತಾ ಕೆಳಗೆ ಬಂದವರು ಆ ನುಣ್ಣನೆ ಜಾಗದಲ್ಲಿ ಕೈ ನಿಲ್ಲಿಸಿದರು. "ಇದ್ಯಾಕೆ ಬಿಟ್ಟೀರಿ?" ಅಂದರು. ಯಾರ ಬಾಯಲ್ಲೂ ಉತ್ತರ ಬರಲಿಲ್ಲ. ಅವರಿಗೆ ಅರ್ಥವಾಯಿತು. "ತುಂಬಿಸಿಬಿಡ್ರಪ್ಪ" ಅಂದರು.

ಮರುದಿನ ಕುಟಿಗರು ಮತ್ತೆ ಬಂದರು. ಈಗ ಆ ಜಾಗದಲ್ಲಿ ಒಂದು ಹಸು, ಅದರ ಕೆಚ್ಚಲಿಗೆ ಬಾಯಿ ಹಾಕಿದ ಕರು ಇದೆ.